ಹಳೆಯ ಕಾರಿನ ಅಸಲಿತನ: ಹೊಳಪಿಗಿಂತ ದಾಖಲೆಗೇ ಬೆಲೆ

ವಸ್ತುವಿನ ಮೂಲಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ಉಡುಪಿ ಜಿಲ್ಲೆಯ ವ್ಯಾಪಾರಸ್ಥರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮಟ್ಟುವಿನ ಗುಳ್ಳಕ್ಕೂ ಬೇರೆಡೆ ಬೆಳೆದ ಗುಳ್ಳಕ್ಕೂ ನೋಟದಲ್ಲಿ ಅಂತರ ಅಲ್ಪವಾದರೂ ಸಂತೆಯಲ್ಲಿ ಅವೆರಡೂ ಒಂದೇ ಅಲ್ಲ. ಕಾಪು ಸಮೀಪದ ಶಂಕರಪುರದ ಮಲ್ಲಿಗೆಯ ಮಾತೂ ಹಾಗೆಯೇ. ಇವೆರಡಕ್ಕೂ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿರುವುದು ಮೂಲವೇ ಬೆಲೆಯೆಂಬ ತತ್ತ್ವದ ಮೇಲೆ. ಚಿನ್ನದ ಅಂಗಡಿಯಲ್ಲಿಯೂ ಗ್ರಾಹಕನು ಹೊಳಪನ್ನು ನೋಡಿ ಹಣ ಕೊಡುವುದಿಲ್ಲ. ಹಾಲ್‌ಮಾರ್ಕ್ ಮುದ್ರೆಯನ್ನು ನೋಡಿ ಕೊಡುತ್ತಾನೆ.

ಇದೇ ತತ್ತ್ವವನ್ನು ಅತ್ಯಂತ ಕಟ್ಟುನಿಟ್ಟಾಗಿ ಪಾಲಿಸುವ ಇನ್ನೊಂದು ಮಾರುಕಟ್ಟೆಯೆಂದರೆ ಹಳೆಯ ಮೋಟಾರು ಕಾರುಗಳದು. ಅದರಲ್ಲಿಯೂ 1964ರಿಂದ ಸುಮಾರು ಒಂದು ದಶಕದವರೆಗೆ ಅಮೆರಿಕದಲ್ಲಿ ತಯಾರಾದ, ‘ಮಸಲ್ ಕಾರ್’ ಎಂದು ಹೆಸರಾದ ಭಾರೀ ಎಂಜಿನ್ನಿನ ಕಾರುಗಳ ವ್ಯವಹಾರದಲ್ಲಿ ಕಾರ್ಖಾನೆಯಿಂದ ಹೊರಬಂದಾಗ ಇದ್ದ ಎಂಜಿನ್, ಗೇರ್‌ಬಾಕ್ಸ್, ಆ್ಯಕ್ಸಲ್‌ಗಳು ಇಂದಿಗೂ ಇವೆಯೇ ಎಂಬ ಒಂದೇ ಪ್ರಶ್ನೆ ಬೆಲೆಯನ್ನು ಹಲವು ಪಟ್ಟು ಏರಿಸಬಲ್ಲದು ಅಥವಾ ಇಳಿಸಬಲ್ಲದು. ಮೊನ್ನೆಯವರೆಗೆ ಇದು ದೂರದ ದೇಶದ ಶ್ರೀಮಂತರ ಹವ್ಯಾಸವೆಂದು ಕರಾವಳಿಯವರು ಸುಮ್ಮನಿರಬಹುದಾಗಿತ್ತು. ಈಗ ಪರಿಸ್ಥಿತಿ ಬದಲಾಗಿದೆ.

ಬಾಗಿಲು ತೆರೆದ ನಿಯಮಗಳು

ಎರಡು ಸರಕಾರಿ ಕ್ರಮಗಳು ಈ ಬದಲಾವಣೆಗೆ ಕಾರಣ. ಮೊದಲನೆಯದು, 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿ. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ವಾಣಿಜ್ಯ ಬಳಕೆಯಲ್ಲಿಲ್ಲದ ದ್ವಿಚಕ್ರ ಹಾಗೂ ಚತುಶ್ಚಕ್ರ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು ಅದು ಅವಕಾಶ ನೀಡಿತು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಗಳ ನಂತರದ ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಹೊಸದಾಗಿ ನೋಂದಣಿಯಾಗುವ ವಾಹನಗಳ ಫಲಕದಲ್ಲಿ ರಾಜ್ಯದ ಸಂಕೇತದ ನಂತರ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಈಗಾಗಲೇ ನೋಂದಣಿಯಾದ ವಾಹನ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ಮತ್ತು ದುರಸ್ತಿಯಂತಹ ಉದ್ದೇಶಗಳಿಗಷ್ಟೇ ಅದನ್ನು ರಸ್ತೆಗಿಳಿಸಬೇಕು. ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಎರಡನೆಯದು, 2025ರ ಫೆಬ್ರವರಿಯಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ನೀಡಿದ ಸ್ಪಷ್ಟನೆ. ಅಲ್ಲಿಯವರೆಗೆ 1950ಕ್ಕಿಂತ ಹಿಂದೆ ತಯಾರಾದ ಕಾರುಗಳ ಆಮದಿಗೆ ಮಾತ್ರ ಇದ್ದ ಅವಕಾಶವು 50 ವರ್ಷ ಮೀರಿದ ವಾಹನಗಳಿಗೆ ವಿಸ್ತರಿಸಿತು. ಅಂದರೆ, ಮಸಲ್ ಕಾರುಗಳ ಕಾಲಾವಧಿ ಬಹುಮಟ್ಟಿಗೆ ಈ ಮಿತಿಯೊಳಗೆ ಬಂದಿದೆ. ಉಡುಪಿ, ಕಾಪು, ಕಾರ್ಕಳಗಳ ಅನೇಕ ಕುಟುಂಬಗಳವರು ಗಲ್ಫ್ ರಾಷ್ಟ್ರಗಳಲ್ಲಿಯೂ ಅಮೆರಿಕದಲ್ಲಿಯೂ ನೆಲೆಸಿದ್ದಾರೆ. ಅಂತಹವರಲ್ಲಿ ಯಾರಾದರೂ ಬಾಲ್ಯದಲ್ಲಿ ಚಿತ್ರದಲ್ಲಿ ಕಂಡ ಕಾರನ್ನು ಊರಿಗೆ ತರಲು ಹೊರಟರೆ ಆಶ್ಚರ್ಯಪಡಬೇಕಾಗಿಲ್ಲ.

ಆದರೆ ಇಲ್ಲಿಯೇ ಎಚ್ಚರಿಕೆ ಬೇಕು. 2021ರ ನಿಯಮದ ವ್ಯಾಖ್ಯೆಯಂತೆ, ವಿಂಟೇಜ್ ವಾಹನವು ತನ್ನ ಮೂಲರೂಪದಲ್ಲಿ ಉಳಿದಿರಬೇಕು. ಛಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಅದನ್ನು ಪರಿಶೀಲಿಸಲು ರಾಜ್ಯ ಮಟ್ಟದ ಸಮಿತಿಯ ವ್ಯವಸ್ಥೆಯನ್ನೂ ನಿಯಮ ಮಾಡಿದೆ. ಹೀಗಾಗಿ ಅಸಲಿತನವು ಬೆಲೆಯ ಪ್ರಶ್ನೆಯಾಗಿರುವಂತೆಯೇ ನೋಂದಣಿಯ ಪ್ರಶ್ನೆಯೂ ಹೌದು. ಆಮದು ಸುಂಕ ಮತ್ತು ತೆರಿಗೆಗಳು ಕಾರಿನ ಬೆಲೆಯನ್ನೇ ಮೀರಬಲ್ಲವು. ಅಷ್ಟೆಲ್ಲ ತೆತ್ತು ತಂದ ಕಾರು ನಕಲಿಯೆಂದು ತಿಳಿದರೆ ಕೊಂಡವನ ನಷ್ಟ ಇಮ್ಮಡಿಯಾಗುತ್ತದೆ.

ಸಂಶಯಕ್ಕೆ ಕಾರಣವೇನು?

ಮಸಲ್ ಕಾರುಗಳ ಹುಟ್ಟಿನಲ್ಲಿಯೇ ಈ ಸಮಸ್ಯೆಯ ಬೀಜವಿದೆ. ಅವು ಪ್ರತ್ಯೇಕ ಕಾರುಗಳಾಗಿ ಹುಟ್ಟಿದವಲ್ಲ. ಸಾಧಾರಣ ಸಂಸಾರಿಗರ ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ವಿ-8 ಎಂಜಿನ್ನನ್ನು ಕೂರಿಸಿ, ಬಿಗಿಯಾದ ಸಸ್ಪೆನ್ಶನ್ ಕೊಟ್ಟು, ಹೆಚ್ಚುವರಿ ಹಣಕ್ಕೆ ಮಾರಿದ ‘ಆಯ್ಕೆ’ಗಳು ಅವು. ಈ ಪರಂಪರೆಯ ಆರಂಭವೆಂದು ಗಣಿಸಲ್ಪಡುವ 1964ರ ಪಾಂಟಿಯಾಕ್ ಜಿಟಿಓ ಕೂಡ ಟೆಂಪೆಸ್ಟ್ ಲೆಮಾನ್ಸ್ ಕಾರಿನ ಮೇಲಿನ ಒಂದು ಆಯ್ಕೆಯಷ್ಟೇ ಆಗಿತ್ತು. ಅದರಲ್ಲಿದ್ದುದು 389 ಘನ ಅಂಗುಲದ, ಅಂದರೆ ಸುಮಾರು 6.4 ಲೀಟರಿನ ಎಂಜಿನ್.

ಬಾಡಿ ಒಂದೇ, ವ್ಯತ್ಯಾಸ ಬಿಡಿಭಾಗಗಳಲ್ಲಿ ಮಾತ್ರ ಎಂದಾದ ಮೇಲೆ, ಸಾಧಾರಣ ಕಾರಿಗೆ ಅದೇ ಬಿಡಿಭಾಗಗಳನ್ನು ಜೋಡಿಸಿ ದುಬಾರಿ ಮಾದರಿಯನ್ನಾಗಿ ತೋರಿಸುವುದು ಕಷ್ಟವಲ್ಲ. ಅದಕ್ಕೆ ಪ್ರೇರಣೆಯಾದರೂ ಎಷ್ಟು! 1971ರಲ್ಲಿ ಪ್ಲಿಮತ್ ಕಂಪೆನಿ 426 ಘನ ಅಂಗುಲದ ‘ಹೆಮಿ’ ಎಂಜಿನ್ನಿನೊಡನೆ ತಯಾರಿಸಿದ, ಮಡಚುವ ಮಾಡಿನ ಕುಡಾ ಕಾರುಗಳು ಕೇವಲ 11. ಅವುಗಳಲ್ಲಿ ಒಂದು 2014ರಲ್ಲಿ ಅಮೆರಿಕದ ಸಿಯಾಟಲ್ ನಗರದ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು. ಅದೇ ಆಕಾರದ, ಸಣ್ಣ ಎಂಜಿನ್ನಿನ ಬರಾಕುಡಾ ಕಾರಿಗೆ ಇದರ ಒಂದು ಅಲ್ಪಾಂಶವೂ ದೊರೆಯದು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಪರೀಕ್ಷೆಯ ಮೂರು ಆಧಾರಗಳು

ಪರಿಣತರು ಇಂತಹ ಕಾರನ್ನು ಮೂರು ಆಧಾರಗಳ ಮೇಲೆ ಪರೀಕ್ಷಿಸುತ್ತಾರೆ: ಸಂಖ್ಯೆ, ದಿನಾಂಕ ಮತ್ತು ಕಾಗದಪತ್ರ. ಇವುಗಳಲ್ಲಿ ಯಾವುದೊಂದೂ ಒಂಟಿಯಾಗಿ ಸಾಲದು. ಮೂರೂ ಒಂದೇ ಮಾತನ್ನು ಹೇಳಬೇಕು.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಕಾಪು ಮೂಲದ ಅನಿವಾಸಿ ಉದ್ಯಮಿಯೊಬ್ಬರಿಗೆ 1970ರ ಷೆವರ್ಲೆ ಷೆವೆಲ್ ‘ಎಸ್‌ಎಸ್ 396’ ಕಾರೊಂದನ್ನು ಯಾರೋ ತೋರಿಸುತ್ತಾರೆ. ಕಪ್ಪು ಜಾಲರಿ, ಉಬ್ಬಿದ ಬಾನೆಟ್, ಎಸ್‌ಎಸ್ ಬ್ಯಾಜು ಎಲ್ಲವೂ ಇವೆ. ಬಣ್ಣ ಕನ್ನಡಿಯಂತಿದೆ. ಮಾರುವವರು ಕಾರಿನ ಗುರುತು ಸಂಖ್ಯೆಯನ್ನು ತೋರಿಸಿ, ‘ಇದೇ ಪುರಾವೆ’ ಎನ್ನುತ್ತಾರೆ. ಸಂಖ್ಯೆ 13637 ಎಂದು ಆರಂಭವಾಗುತ್ತದೆ. ಆದರೆ ಅದು ಹೇಳುವುದು ಇಷ್ಟೇ: ಇದು ವಿ-8 ಎಂಜಿನ್ನಿನ, ಎರಡು ಬಾಗಿಲಿನ ಮಾಲಿಬು. 1966ರಿಂದ 1968ರವರೆಗಿನ ಎಸ್‌ಎಸ್ 396 ಕಾರುಗಳ ಸಂಖ್ಯೆ 138 ಎಂದು ಆರಂಭವಾಗುತ್ತಿದ್ದುದರಿಂದ ಅವುಗಳನ್ನು ಸಂಖ್ಯೆಯಿಂದಲೇ ಗುರುತಿಸಬಹುದು. 1969ರಿಂದ ಎಸ್‌ಎಸ್ ಎಂಬುದು ಕೇವಲ ಆಯ್ಕೆಯಾದ್ದರಿಂದ 1970ರ ಕಾರಿನ ಸಂಖ್ಯೆ ಆ ಬಗ್ಗೆ ಮೌನವಾಗಿರುತ್ತದೆ. ಮೌನವನ್ನು ಸಾಕ್ಷಿಯೆಂದು ಒಪ್ಪಲಾಗದು.

ಮುಂದಿನ ಹೆಜ್ಜೆ ಎಂಜಿನ್ನಿನತ್ತ. ಷೆವರ್ಲೆ ವಿ-8 ಎಂಜಿನ್ನಿನ ಮುಂಭಾಗದಲ್ಲಿ, ಬಲಬದಿಯ ಸಿಲಿಂಡರ್ ಹೆಡ್ಡಿನ ಮುಂದೆ ಒಂದು ಚಪ್ಪಟೆ ಜಾಗವಿದೆ. ಎಂಜಿನ್ ಜೋಡಿಸಿದ ಕಾರ್ಖಾನೆ, ತಿಂಗಳು, ದಿನ ಹಾಗೂ ಎಂಜಿನ್ನಿನ ಬಗೆಯನ್ನು ಸೂಚಿಸುವ ಅಕ್ಷರಗಳನ್ನು ಅಲ್ಲಿ ಒತ್ತಿರುತ್ತಾರೆ. ‘ಟಿ0312’ ಎಂದಿದ್ದರೆ ಟೊನಾವಾಂಡಾ ಕಾರ್ಖಾನೆ, ಮಾರ್ಚ್ 12 ಎಂದರ್ಥ. 1968ರ ಮಾದರಿಗಳಿಂದೀಚೆಗೆ ಕಾರಿನ ಗುರುತು ಸಂಖ್ಯೆಯ ಕೊನೆಯ ಭಾಗವನ್ನೂ ಎಂಜಿನ್ ಮತ್ತು ಗೇರ್‌ಬಾಕ್ಸಿನ ಮೇಲೆ ಒತ್ತಲಾಗುತ್ತಿತ್ತು. ಅದು ಕಾರಿನ ಸಂಖ್ಯೆಗೆ ಹೊಂದಿದರೆ ‘ಸಂಖ್ಯೆ ಹೊಂದಿದ ಕಾರು’ ಎಂಬ ಗೌರವ ಅದಕ್ಕೆ ಸಲ್ಲುತ್ತದೆ.

ದಿನಾಂಕಗಳ ಲೆಕ್ಕ ಇನ್ನೂ ಸ್ವಾರಸ್ಯಕರ. ಎಂಜಿನ್ ಬ್ಲಾಕನ್ನು ಎರಕ ಹೊಯ್ದ ದಿನವನ್ನು ಎರಕದಲ್ಲಿಯೇ ಉಬ್ಬು ಅಕ್ಷರಗಳಲ್ಲಿ ಮೂಡಿಸಿರುತ್ತಾರೆ. ಇಂಗ್ಲಿಷಿನ ಎ ಅಕ್ಷರ ಜನವರಿಗೆ, ಬಿ ಫೆಬ್ರವರಿಗೆ, ಹೀಗೆ. ‘ಬಿ 24 0’ ಎಂದರೆ 1970ರ ಫೆಬ್ರವರಿ 24. ಬಾನೆಟ್ಟಿನ ಹಿಂಭಾಗದಲ್ಲಿರುವ ತಗಡಿನ ಫಲಕದಲ್ಲಿ ‘03ಇ’ ಎಂದಿದ್ದರೆ ಬಾಡಿ ತಯಾರಾದುದು ಮಾರ್ಚ್ ತಿಂಗಳ ಐದನೆಯ ವಾರ. ಫೆಬ್ರವರಿಯಲ್ಲಿ ಎರಕ, ಮಾರ್ಚ್ 12ರಂದು ಎಂಜಿನ್ ಜೋಡಣೆ, ಮಾರ್ಚ್ ಕೊನೆಯಲ್ಲಿ ಬಾಡಿ: ಲೆಕ್ಕ ಸರಿಯಾಗಿದೆ. ಎರಕದ ಮೇಲೆ ‘ಡಿ 10 0’ ಎಂದಿದ್ದರೆ? ಏಪ್ರಿಲಿನಲ್ಲಿ ಹೊಯ್ದ ಎಂಜಿನ್ ಮಾರ್ಚಿನ ಕಾರಿನದಾಗಲು ಸಾಧ್ಯವಿಲ್ಲ. ಮಗುವಿಗಿಂತ ತೊಟ್ಟಿಲು ಮುಂಚೆ ಬರಬಹುದು. ಅಡಿಪಾಯಕ್ಕಿಂತ ಮಾಡು ಮುಂಚೆ ಬಾರದು. ಆಲ್ಟರ್ನೇಟರ್, ಕಾರ್ಬ್ಯುರೇಟರ್, ಹಿಂಬದಿಯ ಆ್ಯಕ್ಸಲ್, ಕೊನೆಗೆ ಕಿಟಿಕಿಯ ಗಾಜಿನ ಮೇಲೂ ಇಂತಹ ಗುರುತುಗಳಿರುತ್ತವೆ.

ಅರೆತಿಳಿವಳಿಕೆಯಿಂದಲೂ ಅಪಾಯವಿದೆ. 1970ರ ಎಸ್‌ಎಸ್ 396 ಕಾರಿನ ಎಂಜಿನ್ನಿನ ನಿಜವಾದ ಅಳತೆ 402 ಘನ ಅಂಗುಲ. ಕಂಪೆನಿಯು ಎಂಜಿನ್ನನ್ನು ತುಸು ಹಿಗ್ಗಿಸಿದರೂ ಜನಪ್ರಿಯವಾಗಿದ್ದ 396 ಎಂಬ ಹೆಸರನ್ನು ಬಿಡಲಿಲ್ಲ. ಇದನ್ನು ಅರಿಯದವರು ಅಸಲಿ ಕಾರನ್ನೇ ನಕಲಿಯೆಂದು ತಿರಸ್ಕರಿಸಿಯಾರು.

ಕಾಗದದ ಸಾಕ್ಷಿ

ಮೂರನೆಯ ಆಧಾರ ಕಾಗದಪತ್ರ. ಈ ವಿಷಯದಲ್ಲಿ ಎಲ್ಲ ಕಂಪೆನಿಗಳ ಕಾರುಗಳೂ ಸಮಾನವಲ್ಲ. ಫೋರ್ಡ್ ಕಾರುಗಳ ಗುರುತು ಸಂಖ್ಯೆಯ ಐದನೆಯ ಅಕ್ಷರವೇ ಎಂಜಿನ್ನಿನ ಬಗೆಯನ್ನು ತಿಳಿಸುತ್ತದೆ. 1967ರಿಂದೀಚಿನ ಮಾದರಿಗಳ ಕಾರ್ಖಾನೆಯ ಮಾಹಿತಿಯನ್ನು ಆಧರಿಸಿದ ‘ಮಾರ್ಟಿ ವರದಿ’ಯನ್ನು ಶುಲ್ಕ ತೆತ್ತು ಪಡೆಯಬಹುದು. ಪಾಂಟಿಯಾಕ್ ಕಾರುಗಳಿಗೆ ಕಾರ್ಖಾನೆಯ ಮೂಲ ದಾಖಲೆಗಳ ಪ್ರತಿ ಒದಗಿಸುವ ಸಂಸ್ಥೆಯಿದೆ. ಕ್ರೈಸ್ಲರ್ ಬಳಗದ ಕಾರುಗಳ ಬಾನೆಟ್ಟಿನೊಳಗಿನ ಸಣ್ಣ ತಗಡಿನ ಮೇಲೆ ಆಯ್ಕೆಗಳ ಸಂಕೇತಗಳನ್ನು ಒತ್ತಿರುತ್ತಾರೆ. ಷೆವರ್ಲೆಯ ವಿಷಯದಲ್ಲಿ ಮಾತ್ರ ಇಂತಹ ಸೌಲಭ್ಯ ಕಡಿಮೆ. ಅಲ್ಲಿ ಅವಲಂಬಿಸಬೇಕಾದುದು ಕಾರ್ಮಿಕರ ಬಳಕೆಗಾಗಿ ಮುದ್ರಿಸಿದ ಜೋಡಣೆಯ ಹಾಳೆಯನ್ನು. ಕೆಲಸ ಮುಗಿದ ಮೇಲೆ ಅದನ್ನು ಪೆಟ್ರೋಲ್ ಟ್ಯಾಂಕಿನ ಮೇಲೆಯೋ ಸೀಟಿನ ಸ್ಪ್ರಿಂಗುಗಳ ನಡುವೆಯೋ ಬಿಟ್ಟಿರುತ್ತಿದ್ದರು. ಅಂದು ಯಾರಿಗೂ ಬೇಡವಾಗಿದ್ದ ಆ ಎಣ್ಣೆ ಮೆತ್ತಿದ ಹಾಳೆ ಇಂದು ಕಾರಿನ ಜಾತಕವಾಗಿದೆ.

ಮೇಲಿನ ನಿದರ್ಶನದ ಉದ್ಯಮಿ ಕೇಳಬೇಕಾದ ಪ್ರಶ್ನೆ ಅದೇ. ಹಾಳೆ ಇದ್ದರೆ ಒಂದು ಬೆಲೆ. ಇಲ್ಲದಿದ್ದರೆ, ಕಾರು ಎಷ್ಟೇ ಸುಂದರವಾಗಿದ್ದರೂ, ಮಾಲಿಬುವಿನ ಬೆಲೆ.

ತಿದ್ದಿದ ಗುರುತುಗಳು

ಸಂಖ್ಯೆಗೆ ಬೆಲೆ ಬಂದಂತೆ ಸಂಖ್ಯೆಯನ್ನೇ ಸೃಷ್ಟಿಸುವವರೂ ಹುಟ್ಟಿಕೊಂಡರು. ಎಂಜಿನ್ನಿನ ಹಳೆಯ ಗುರುತನ್ನು ಉಜ್ಜಿ ಹೊಸದನ್ನು ಒತ್ತುವ ಚಾಳಿ ಅಮೆರಿಕದಲ್ಲಿ ಹಳೆಯದು. ಅದನ್ನು ಕಂಡುಹಿಡಿಯುವ ಉಪಾಯವೂ ಇದೆ. ಕಾರ್ಖಾನೆಯಲ್ಲಿ ಬ್ಲಾಕಿನ ಮೇಲ್ಮೈಯನ್ನು ಬ್ರೋಚ್ ಎಂಬ ಹತಾರದಿಂದ ಹೆರೆಯುತ್ತಿದ್ದುದರಿಂದ ಮುಂದಿನಿಂದ ಹಿಂದಕ್ಕೆ ಸಮಾನಾಂತರವಾದ ಸೂಕ್ಷ್ಮ ಗೆರೆಗಳು ಉಳಿದಿರುತ್ತವೆ. ಮತ್ತೆ ಉಜ್ಜಿದಾಗ ಆ ಗೆರೆಗಳು ಅಳಿದು, ವೃತ್ತಾಕಾರದ ಗೀರುಗಳೋ ಅಸಹಜ ನುಣುಪೋ ಕಾಣಿಸುತ್ತದೆ. ಆದರೆ ಎಂಜಿನ್ ದುರಸ್ತಿಯ ವೇಳೆ ಮೇಲ್ಮೈಯನ್ನು ಪ್ರಾಮಾಣಿಕವಾಗಿ ಸಮ ಮಾಡಿದಾಗಲೂ ಗುರುತು ಅಳಿಯಬಹುದೆಂಬುದನ್ನು ಮರೆಯಬಾರದು. ಸಂಶಯ ಬಂದೊಡನೆ ಆರೋಪ ಹೊರಿಸದೆ, ಉಳಿದ ಸಾಕ್ಷ್ಯಗಳೊಡನೆ ತಾಳೆ ನೋಡುವುದೇ ವಿವೇಕ.

ಕರಾವಳಿಯ ಹಳೆಯ ಅಮೆರಿಕನ್ ಕಾರುಗಳು

ಈ ಶಾಸ್ತ್ರದ ಪ್ರಯೋಜನ ಆಮದು ಕಾರುಗಳಿಗಷ್ಟೇ ಸೀಮಿತವಲ್ಲ. ಅಮೆರಿಕನ್ ಕಾರು ಭಾರತಕ್ಕೆ ಹೊಸದೇನೂ ಅಲ್ಲ. ಜನರಲ್ ಮೋಟಾರ್ಸ್ ಕಂಪೆನಿಯು 1928ರಲ್ಲಿಯೇ ಮುಂಬಯಿಯ ಶಿವಡಿಯಲ್ಲಿ ಕಾರು ಜೋಡಣೆ ಆರಂಭಿಸಿತ್ತು. ವಾಲ್‌ಚಂದ್ ಹೀರಾಚಂದ್ ಅವರ ಪ್ರೀಮಿಯರ್ ಆಟೋಮೊಬೈಲ್ಸ್ 1947ರಿಂದ ಕುರ್ಲಾದಲ್ಲಿ ಡಾಡ್ಜ್, ಪ್ಲಿಮತ್, ಡಿಸೋಟೊ ಕಾರುಗಳನ್ನು ಜೋಡಿಸಿತು. 1953ರ ನೀತಿಯ ನಂತರ, ಬಿಡಿಭಾಗಗಳನ್ನು ಇಲ್ಲಿಯೇ ತಯಾರಿಸಲು ಒಪ್ಪದ ವಿದೇಶಿ ಕಂಪೆನಿಗಳು ಹಿಂದೆ ಸರಿದವು. ಮಸಲ್ ಕಾರುಗಳ ಯುಗ ಆರಂಭವಾಗುವ ಹೊತ್ತಿಗೆ ಭಾರತದ ಬಾಗಿಲು ಮುಚ್ಚಿತ್ತು. ಆದ್ದರಿಂದಲೇ ನಮ್ಮ ನಾಡಿನ ಹಳೆಯ ಮನೆಗಳ ಕೊಟ್ಟಿಗೆಗಳಲ್ಲಿ ಅಮೆರಿಕನ್ ಕಾರು ಸಿಕ್ಕರೆ ಅದು ಬಹುತೇಕ 1950ರ ದಶಕದ್ದೋ ಅದಕ್ಕೂ ಹಿಂದಿನದೋ ಆಗಿರುತ್ತದೆ. ಕಾರ್ಕಳಕ್ಕೆ ದೂರವಲ್ಲದ ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಇಂತಹ ಹಳೆಯ ವಾಹನಗಳನ್ನು ಹತ್ತಿರದಿಂದ ನೋಡುವ ಅವಕಾಶವಿದೆ.

ಇವುಗಳ ಪರೀಕ್ಷೆಗೂ ಅದೇ ಮೂರು ಆಧಾರಗಳು. ಬಿಡಿಭಾಗಗಳ ದಿನಾಂಕಕ್ಕೆ ಇಲ್ಲಿ ಸುಲಭವಾದ ಸೂಚಕಗಳೂ ಇವೆ. ಲ್ಯೂಕಾಸ್-ಟಿವಿಎಸ್ ಕಂಪೆನಿ ಸ್ಥಾಪನೆಯಾದುದು 1961ರಲ್ಲಿ. 1951ರ ಡಾಡ್ಜ್ ಕಾರಿನಲ್ಲಿ ಆ ಹೆಸರಿನ ಡೈನಮೊ ಕಂಡರೆ ಅದು ನಂತರ ಹಾಕಿದ್ದೆಂಬುದು ನಿಸ್ಸಂಶಯ. ಬಾಡಿಗೆಗೆ ಓಡುತ್ತಿದ್ದ ದೊಡ್ಡ ಅಮೆರಿಕನ್ ಕಾರುಗಳ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸುವ ರೂಢಿ ದೇಶದಾದ್ಯಂತ ಇತ್ತು. ಅಂದಿನ ಮಾಲೀಕನಿಗೆ ಅದು ಹೊಟ್ಟೆಪಾಡಿನ ಉಪಾಯ. ಇಂದಿನ ನೋಂದಣಿಗೆ ಅದು ತೊಡಕು.

ಕಾಗದಪತ್ರಗಳ ವಿಷಯದಲ್ಲಿ ನಮ್ಮ ಜಿಲ್ಲೆಯ ಚರಿತ್ರೆಯನ್ನೂ ನೆನಪಿಡಬೇಕು. 1956ರ ನವೆಂಬರ್ 1ರವರೆಗೆ ಉಡುಪಿ, ಕಾರ್ಕಳ ತಾಲೂಕುಗಳು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ನಂತರ ಮೈಸೂರು ರಾಜ್ಯದ ‘ಎಂವೈ’ ಅಕ್ಷರಗಳ ಸಂಖ್ಯೆಗಳು ಬಂದವು. ಇಂದು ಉಡುಪಿಯ ಗುರುತು ‘ಕೆಎ 20’. ಪ್ರತ್ಯೇಕ ಉಡುಪಿ ಜಿಲ್ಲೆ ರಚನೆಯಾದುದು 1997ರ ಆಗಸ್ಟಿನಲ್ಲಿ. ಹೀಗೆ ಒಂದೇ ಮನೆಯಂಗಳದಲ್ಲಿ ನಿಂತ ಕಾರಿನ ದಾಖಲೆ ಹಲವು ಆಡಳಿತಗಳನ್ನು ಹಾದು ಬಂದಿರುತ್ತದೆ. ಹಿರಿಯರ ಪೆಟ್ಟಿಗೆಯಲ್ಲಿರುವ ಹಳೆಯ ಆರ್‌ಸಿ ಪುಸ್ತಕ, ತೆರಿಗೆ ರಶೀದಿ, ವಿಮೆಯ ಕಾಗದ, ಮದುವೆಯ ದಿಬ್ಬಣದ ಭಾವಚಿತ್ರದಲ್ಲಿ ಕಾಣುವ ನಂಬರ್ ಫಲಕ, ಇವೆಲ್ಲವೂ ಸಾಕ್ಷ್ಯಗಳೇ. ಕಾರನ್ನು ಗುಜರಿಗೆ ಕೊಡುವ ಮುನ್ನ, ಕಾಗದವನ್ನು ಒಲೆಗೆ ಹಾಕುವ ಮುನ್ನ ಒಮ್ಮೆ ಯೋಚಿಸುವುದು ಒಳಿತು.

ಉಪ್ಪುಗಾಳಿ ಮತ್ತು ಉತ್ಸಾಹ

ಕರಾವಳಿಯಲ್ಲಿ ಹಳೆಯ ಕಾರಿಗೆ ಇಬ್ಬರು ಶತ್ರುಗಳು. ಮೊದಲನೆಯದು ಹವಾಮಾನ. ಕಾಪುವಿನ ಕಡಲಬದಿಯ ಉಪ್ಪುಗಾಳಿಯೂ ಕಾರ್ಕಳದ ಘಟ್ಟದಡಿಯ ಜಡಿಮಳೆಯೂ ಛಾಸಿಯ ಮೇಲೆ ಒತ್ತಿದ ಅಂಕಿಗಳನ್ನು ಸದ್ದಿಲ್ಲದೆ ತಿನ್ನುತ್ತವೆ. ಮುಚ್ಚಿದ, ಗಾಳಿಯಾಡುವ ಶೆಡ್ಡು, ಮಳೆಗಾಲಕ್ಕೆ ಮುನ್ನ ಅಂಕಿಗಳ ಮೇಲೆ ತೆಳುವಾದ ಗ್ರೀಸ್ ಲೇಪನ, ಇವು ಕಡಿಮೆ ಖರ್ಚಿನ ರಕ್ಷೆಗಳು.

ಎರಡನೆಯ ಶತ್ರು ಮಾಲೀಕನ ಉತ್ಸಾಹವೇ. ಕಾರು ಕೈಗೆ ಬಂದೊಡನೆ ಟಿಂಕರಿಂಗ್, ಪೇಂಟಿಂಗ್‌ಗೆ ಕೊಟ್ಟು ಹೊಸದರಂತೆ ಮಾಡಿಸುವ ಹಂಬಲ ಸಹಜ. ಆದರೆ ಮರಳು ಸಿಡಿಸಿ ಬಣ್ಣ ತೆಗೆಯುವಾಗ ಎಂಜಿನ್ನಿನ ಗುರುತು, ಕಾರ್ಖಾನೆಯ ಸೀಸದ ಕಡ್ಡಿಯ ಬರಹ, ಮೂಲ ಬಣ್ಣದ ಪದರ ಎಲ್ಲವೂ ಒಂದೇ ಮಧ್ಯಾಹ್ನದಲ್ಲಿ ಮಾಯವಾಗುತ್ತವೆ. ಹರಿದ ಸೀಟಿನೊಡನೆ ಒಳಗಿದ್ದ ಹಾಳೆಯೂ ಕಸದ ಬುಟ್ಟಿ ಸೇರುತ್ತದೆ. ಹೊಸ ಬಣ್ಣವನ್ನು ಎಷ್ಟು ಸಲವಾದರೂ ಬಳಿಯಬಹುದು. ಕಳೆದ ಸಾಕ್ಷ್ಯವನ್ನು ಮರಳಿ ಪಡೆಯಲಾಗದು.

ಎಡಬದಿಯ ಸ್ಟಿಯರಿಂಗನ್ನು ಬಲಬದಿಗೆ ಬದಲಿಸುವುದೂ ಇಂತಹದೇ ಅವಸರ. 1988ರ ಮೋಟಾರು ವಾಹನ ಕಾಯಿದೆಯ 120ನೆಯ ಕಲಮಿನಂತೆ, ಕೆಲಸ ಮಾಡುವ ಯಾಂತ್ರಿಕ ಅಥವಾ ವಿದ್ಯುತ್ ಸಂಕೇತ ಸಾಧನವಿದ್ದರೆ ಎಡಬದಿಯ ಸ್ಟಿಯರಿಂಗ್ ಉಳ್ಳ ವಾಹನವನ್ನು ರಸ್ತೆಯಲ್ಲಿ ಓಡಿಸಬಹುದು. ಆಮದಿನ ಷರತ್ತುಗಳನ್ನು ಕಸ್ಟಮ್ಸ್ ಏಜೆಂಟರಿಂದ ಮುಂಚಿತವಾಗಿ ತಿಳಿದುಕೊಳ್ಳದೆ ಇಂತಹ ಬದಲಾವಣೆಗೆ ಕೈಹಾಕಬಾರದು.

ಸ್ಥಳೀಯ ಉದ್ಯಮಕ್ಕೆ ಅವಕಾಶ

ನಮ್ಮ ಗ್ಯಾರೇಜುಗಳ ಕುಶಲಕರ್ಮಿಗಳ ಕೈಚಳಕಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಬರೆದಿಡುವ ಅಭ್ಯಾಸಕ್ಕೆ. ಬಿಚ್ಚುವ ಮುನ್ನ ಪ್ರತಿಯೊಂದು ಭಾಗದ ಛಾಯಾಚಿತ್ರ, ಎಂಜಿನ್ ಹಾಗೂ ಛಾಸಿ ಸಂಖ್ಯೆಗಳ ಪೆನ್ಸಿಲ್ ಪ್ರಿಂಟ್, ಬದಲಿಸಿದ ಭಾಗಗಳ ಪಟ್ಟಿ, ತೆಗೆದ ಹಳೆಯ ಭಾಗಗಳನ್ನು ಚೀಟಿ ಕಟ್ಟಿ ಮಾಲೀಕನಿಗೆ ಮರಳಿಸುವ ಕ್ರಮ, ಇಷ್ಟನ್ನು ರೂಢಿಸಿಕೊಂಡ ಗ್ಯಾರೇಜು ದುರಸ್ತಿಯ ಕೂಲಿಯ ಜೊತೆಗೆ ದಾಖಲೀಕರಣದ ಶುಲ್ಕವನ್ನೂ ನ್ಯಾಯವಾಗಿ ಕೇಳಬಹುದು. ಮಣಿಪಾಲ ಮತ್ತು ಕಾರ್ಕಳ ತಾಲೂಕಿನ ನಿಟ್ಟೆಯ ಎಂಜಿನಿಯರಿಂಗ್ ಕಾಲೇಜುಗಳು ಹತ್ತಿರದಲ್ಲಿಯೇ ಇವೆ. ಬಣ್ಣದ ಪದರದ ದಪ್ಪವನ್ನು ಅಳೆದು ಪುಟ್ಟಿ ತುಂಬಿದ ಜಾಗಗಳನ್ನು ಗುರುತಿಸುವಂತಹ ಪರೀಕ್ಷೆಗಳನ್ನು ಭಾಗಗಳಿಗೆ ಹಾನಿಯಾಗದಂತೆ ನಡೆಸಲು ಯಾಂತ್ರಿಕ ವಿಭಾಗದ ವಿದ್ಯಾರ್ಥಿಗಳನ್ನು ತೊಡಗಿಸಿದರೆ ಇಬ್ಬರಿಗೂ ಲಾಭ.

ಕೊಳ್ಳುವವರಿಗೆ ಹೇಳಬೇಕಾದ ಮಾತು ಸಂಕ್ಷಿಪ್ತ. ಮುಂಗಡ ಕೊಡುವ ಮೊದಲು ಗುರುತು ಸಂಖ್ಯೆ, ಎಂಜಿನ್ ಗುರುತು, ಎರಕದ ದಿನಾಂಕ, ಬಾಡಿ ಫಲಕ ಈ ನಾಲ್ಕರ ಸ್ಪಷ್ಟ ಚಿತ್ರಗಳನ್ನು ತರಿಸಿಕೊಳ್ಳಬೇಕು. ಆ ಮಾದರಿಯನ್ನು ಬಲ್ಲ, ಮಾರಾಟದಲ್ಲಿ ಪಾಲಿಲ್ಲದ ಪರಿಣತರಿಂದ ಸ್ಥಳದಲ್ಲಿಯೇ ಪರೀಕ್ಷೆ ಮಾಡಿಸಬೇಕು. ಮಾರುವವರ ಹೇಳಿಕೆಗಳನ್ನು ಕರಾರುಪತ್ರದಲ್ಲಿ ಬರೆಯಿಸಿಕೊಳ್ಳಬೇಕು. ಬಿಲ್ ಆಫ್ ಎಂಟ್ರಿ ಮೊದಲಾದ ಆಮದು ಕಾಗದಗಳಲ್ಲಿಯೂ ಅದೇ ಸಂಖ್ಯೆಗಳಿವೆಯೇ ಎಂದು ಅಕ್ಷರ ಅಕ್ಷರ ತಾಳೆ ನೋಡಬೇಕು. ವಿಂಟೇಜ್ ನೋಂದಣಿಯ ಅರ್ಜಿಯೊಡನೆ ಲಗತ್ತಿಸಬೇಕಾದುದು ಅದನ್ನೇ.

ಮಾರುವವರಿಗೂ ಒಂದು ಮಾತಿದೆ. ಎಂಜಿನ್ ಬದಲಾದ ಕಾರನ್ನು ಬದಲಾಗಿದೆಯೆಂದೇ ಹೇಳಿ ಮಾರುವುದರಲ್ಲಿ ಅವಮಾನವಿಲ್ಲ. ಅದಕ್ಕೂ ಅದರದೇ ಆದ ಗ್ರಾಹಕನಿದ್ದಾನೆ, ನ್ಯಾಯವಾದ ಬೆಲೆಯಿದೆ. ಹಳೆಯ ಕಾರಿನ ಮಾರುಕಟ್ಟೆ ಕಿರಿದು, ಅಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರು. ಒಂದು ನಕಲಿ ಕಾರಿನಿಂದ ಬರುವ ಲಾಭ ಒಮ್ಮೆ ಮಾತ್ರ. ಒಂದು ಸತ್ಯವಾದ ಟಿಪ್ಪಣಿಯಿಂದ ಬರುವ ವಿಶ್ವಾಸ ಮಕ್ಕಳ ಕಾಲದವರೆಗೂ ವ್ಯಾಪಾರವನ್ನು ತರುತ್ತದೆ.